ಮಗ್ಗದ ಮನೆಗೆ ಇಲಿ ಬರುವ ದಾರಿಗಳು

ಅಂಗಡಿಯಲ್ಲಿ ಮಡಿಸಿಟ್ಟ ಸೀರೆಯನ್ನು ಇಲಿ ಕಡಿದರೆ ಹೋಗುವುದು ಒಂದು ಸೀರೆ. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ನೂಲನ್ನು, ಅಂದರೆ ಹಾಸನ್ನು, ಕಡಿದರೆ ಆಗುವ ಹಾನಿಯೇ ಬೇರೆ. ಹಾಸಿನಲ್ಲಿ ಸಾವಿರಾರು ಎಳೆಗಳು ಒತ್ತೊತ್ತಾಗಿ ಇರುತ್ತವೆ. ಅಂಗೈಯಗಲ ಜಾಗವನ್ನು ಇಲಿ ಕಡಿದು ಹೋದರೂ ತುಂಡಾದ ಒಂದೊಂದು ಎಳೆಯ ಜೋಡಿಯನ್ನು ಹುಡುಕಿ, ಗಂಟು ಹಾಕಿ, ಎಳೆಗಳನ್ನು ಬೇರೆಬೇರೆಯಾಗಿ ಹಿಡಿದಿಡುವ ಬಾಚಣಿಗೆಯಂಥ ಹಣಿಗೆಯಲ್ಲಿ ಅದು ಮೊದಲಿದ್ದ ಸಂದಿನಿಂದಲೇ ಹೊರಗೆ ತರಬೇಕು. ಆ ಹೊತ್ತಿನಲ್ಲಿ ಮಗ್ಗ ನಿಂತಿರುತ್ತದೆ, ಮಜೂರಿಯೂ ನಿಂತಿರುತ್ತದೆ. ಎಷ್ಟು ಜಾಣತನದಿಂದ ಗಂಟು ಹಾಕಿದರೂ ನೇಯ್ದ ಮೇಲೆ ಆ ಜಾಗ ಬೆರಳಿಗೆ ತಗಲುತ್ತದೆ. ನೂಲು ಕೊಟ್ಟ ಮಾಲೀಕರು ಸೀರೆಯನ್ನು ಬೆಳಕಿಗೆ ಹಿಡಿದು ನೋಡಿ, ಮಾತಾಡದೆ ಮಜೂರಿಯಲ್ಲಿ ಮುರಿದುಕೊಳ್ಳುತ್ತಾರೆ.

ಇಲಿ ಹಾಸಿಗೇ ಏಕೆ ಬಾಯಿ ಹಾಕುತ್ತದೆ ಎಂದು ನಮ್ಮ ಸಂಬಂಧಿಕರು ಕೇಳುವುದುಂಟು. ಹಾಸಿನ ನೂಲಿಗೆ ನಾವು ಗಂಜಿ ಹಾಕಿರುತ್ತೇವೆ. ಎಳೆಗೆ ಬಲ ಬರಬೇಕು, ಹಣಿಗೆಯ ಉಜ್ಜಾಟಕ್ಕೆ ಅದು ಬಿಚ್ಚಿಕೊಳ್ಳಬಾರದು ಎಂದು. ನಮಗೆ ನೂಲು, ಇಲಿಗೆ ಅದು ಊಟ. ಊಟ ಮುಗಿದ ಮೇಲೆ ಉಳಿದ ಎಳೆಗಳನ್ನು ಮರಿಗಳಿಗೆ ಗೂಡು ಮಾಡಲು ಎಳೆದೊಯ್ಯುತ್ತದೆ. ಅಕ್ಕಿ, ಬೇಳೆಗಳನ್ನು ಡಬ್ಬಿಯಲ್ಲಿ ಮುಚ್ಚಿಡಬಹುದು. ಬಿಗಿದ ಹಾಸನ್ನು ರಾತ್ರಿ ಬಿಚ್ಚಿ ಪೆಟ್ಟಿಗೆಯಲ್ಲಿ ಇಡಲಾಗುವುದಿಲ್ಲ. ಆದ್ದರಿಂದ ನಮ್ಮಂಥವರಿಗೆ ಇರುವುದು ಒಂದೇ ಉಪಾಯ, ಮನೆಯನ್ನೇ ಡಬ್ಬಿಯಂತೆ ಮುಚ್ಚುವುದು. ಅದನ್ನು ಹೇಗೆ ಮಾಡಿದೆವು ಎಂಬುದನ್ನು ಬರೆಯುತ್ತಿದ್ದೇನೆ.

ಗದಗಿಗೆ ಅಂಟಿಕೊಂಡ ನೇಕಾರರ ಊರು ಬೆಟಗೇರಿಯ ನಮ್ಮ ಓಣಿಯಲ್ಲಿ ಮನೆಗಳು ಗೋಡೆ ಹಂಚಿಕೊಂಡು ಸಾಲಾಗಿ ನಿಂತಿವೆ. ನಮ್ಮದು ಕಲ್ಲು ಮಣ್ಣಿನ ಗೋಡೆ, ಮೇಲೆ ಜಂತಿ ಹಾಕಿ ಮಣ್ಣು ಹೊದಿಸಿದ ಮೇಲ್ಮುದ್ದೆಯ ಮನೆ. ಪಡಸಾಲೆಯಲ್ಲಿ ಕುಣಿಮಗ್ಗ ಇದೆ. ನೇಯುವವರು ನೆಲದ ಮಟ್ಟದಲ್ಲಿ ಕುಳಿತು, ಕಾಲುಗಳನ್ನು ಕುಣಿಯೊಳಗೆ ಇಳಿಬಿಟ್ಟು ತುಳಿಯುತ್ತಾರೆ. ಈಗ ಊರಿನಲ್ಲಿ ವಿದ್ಯುತ್ ಮಗ್ಗಗಳ ಸದ್ದೇ ಹೆಚ್ಚು, ಕುಣಿಮಗ್ಗ ಉಳಿಸಿಕೊಂಡ ಮನೆಗಳು ಕಡಿಮೆ. ನನ್ನ ಗಂಡ ಮಗ್ಗಕ್ಕೆ ಕೂಡುತ್ತಾರೆ, ನಾನೂ ಅತ್ತೆಯೂ ರಾಟಿಯಲ್ಲಿ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತೇವೆ. ಮಣ್ಣಿನ ಮನೆ ಬೇಸಿಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ. ಮನುಷ್ಯರಿಗೆ ಹಿತವಾದದ್ದು ಇಲಿಗೂ ಹಿತ.

ಇಲಿ ನಮ್ಮ ಮನೆಗೆ ಹೊಸತಲ್ಲ. ಆದರೆ ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಕಾಟ ವಿಪರೀತವಾಯಿತು. ಪಕ್ಕದ ಮನೆಯ ಕಾಕಾ ಶೇಂಗಾ ವ್ಯಾಪಾರಕ್ಕೆ ಕೈ ಹಾಕಿ ಹಿಂದಿನ ಕೋಣೆಯ ತುಂಬ ಚೀಲ ಒಟ್ಟಿದ್ದರು. ನಡುಗೋಡೆ ಎರಡೂ ಮನೆಗಳದ್ದು. ರಾತ್ರಿ ದೀಪ ಆರಿಸಿದೊಡನೆ ಜಂತಿಗಳ ಮೇಲೆ ಓಡಾಟ, ಗೋಡೆಯೊಳಗೆ ಕೆರೆಯುವ ಸದ್ದು. ಒಂದು ಬೆಳಿಗ್ಗೆ ಹಾಸಿನ ಬಲ ಅಂಚಿನಲ್ಲಿ ಕಡಿತ ಕಂಡಿತು. ಗಂಡ ಅದನ್ನು ಮುಟ್ಟಿ ನೋಡಿ ಸುಮ್ಮನೆ ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತರು. ಆ ವಾರವೇ ಇದಕ್ಕೊಂದು ಕೊನೆ ಕಾಣಿಸಬೇಕೆಂದು ನಾನು ಹಟ ಹಿಡಿದೆ.

ಮೊದಲು ತಿಳಿಯಬೇಕಾದದ್ದು ಬರುತ್ತಿರುವುದು ಯಾವ ಇಲಿ, ಎಲ್ಲಿಂದ ಎಂಬುದು. ಹಿಕ್ಕೆ ನೋಡಿದರೆ ಬಹಳಷ್ಟು ತಿಳಿಯುತ್ತದೆ. ಅಡಿಗೆಮನೆಯ ಮಾಡದಲ್ಲಿ ಸಿಕ್ಕಿದ್ದು ಅಕ್ಕಿ ನುಚ್ಚಿನಷ್ಟು ಸಣ್ಣದು, ಅದು ಸಣ್ಣ ಇಲಿಯದು. ಜಂತಿಯ ಕೆಳಗೆ ಬಿದ್ದದ್ದು ಸುಮಾರು 12 ಮಿಲಿಮೀಟರ್ ಉದ್ದ, ಎರಡೂ ತುದಿ ಚೂಪು. ಅದು ಮಾಡು, ಜಂತಿ, ತಂತಿಗಳ ಮೇಲೆ ಓಡುವ ಕಪ್ಪು ಮನೆ ಇಲಿಯದು. ಬಚ್ಚಲಿನ ಹೊರಗೆ ಗಟಾರದ ಪಕ್ಕ ಕಂಡದ್ದು ಇನ್ನೂ ದಪ್ಪ, ಅದು ಹೆಗ್ಗಣದ್ದು. ಮೂರಕ್ಕೂ ಮೂರು ದಾರಿ, ಮೂರು ಸ್ವಭಾವ. ಸಣ್ಣ ಇಲಿ ಗೂಡಿನಿಂದ ಕೆಲವೇ ಮೀಟರ್ ಒಳಗೆ ಬದುಕು ಸಾಗಿಸುತ್ತದೆ, ಹೊಸ ವಸ್ತು ಕಂಡರೆ ಮೂಸಿ ನೋಡಲು ಬರುತ್ತದೆ. ಜಂತಿಯ ಮೇಲೆ ಓಡುವ ದೊಡ್ಡ ಇಲಿ ಹೊಸದನ್ನು ಕಂಡರೆ ಹೆದರಿ ದೂರ ಸರಿಯುತ್ತದೆ. ಹೆಗ್ಗಣ ನೆಲ ಅಗೆಯುತ್ತದೆ. ಇವುಗಳನ್ನೆಲ್ಲ ಒಂದೇ ಎಂದುಕೊಂಡು ಒಂದು ಬೋನು ತಂದಿಟ್ಟು ಕುಳಿತರೆ ಕೆಲಸ ಆಗುವುದಿಲ್ಲ.

ದಾರಿ ಹುಡುಕಲು ಅತ್ತೆಯ ರಂಗೋಲಿ ಡಬ್ಬಿ ನೆರವಿಗೆ ಬಂತು. ರಾತ್ರಿ ಮಲಗುವ ಮುಂಚೆ ಗೋಡೆಯ ಬುಡದುದ್ದಕ್ಕೂ, ಬಾಗಿಲಿನ ಹೊಸ್ತಿಲ ಬಳಿ, ಬಚ್ಚಲ ತೂಬಿನ ಸುತ್ತ, ಮಗ್ಗದ ಕುಣಿಯ ಅಂಚಿನಲ್ಲಿ ರಂಗೋಲಿ ಪುಡಿಯನ್ನು ತೆಳ್ಳಗೆ ಉದುರಿಸಿದೆ. ಬೆಳಿಗ್ಗೆ ಎದ್ದು ನೋಡಿದರೆ ಯಾವ ಕಡೆಯಿಂದ ಬಂದಿವೆ, ಎಲ್ಲಿ ತಿರುಗಿವೆ ಎಂಬುದೆಲ್ಲ ಹೆಜ್ಜೆಗಳಲ್ಲಿ ಬರೆದಿತ್ತು. ನಡುವೆ ಬಾಲ ಎಳೆದ ಗೆರೆ. ಇಲಿ ಬಯಲಿನಲ್ಲಿ ಓಡುವುದಿಲ್ಲ, ಮೀಸೆಯೂ ಮೈಯೂ ಗೋಡೆಗೆ ತಾಗುವಂತೆ ಅಂಚಿನಲ್ಲಿಯೇ ಸಾಗುತ್ತದೆ. ಒಂದೇ ದಾರಿಯಲ್ಲಿ ದಿನವೂ ಓಡಾಡಿದ ಕಡೆ ಮೈಯ ಜಿಡ್ಡು ಹತ್ತಿ ಕಪ್ಪು ಪಟ್ಟೆಯಾಗಿರುತ್ತದೆ. ನಮ್ಮ ಜಂತಿಗಳ ತುದಿಯಲ್ಲಿ, ಅವು ನಡುಗೋಡೆಗೆ ಹೊಕ್ಕ ಜಾಗದಲ್ಲಿ, ಅಂಥ ಪಟ್ಟೆಗಳು ಸ್ಪಷ್ಟವಾಗಿದ್ದವು. ಮನೆಗೆ ಬಂದು ಇಷ್ಟು ವರ್ಷಗಳಾಗಿದ್ದರೂ ಆ ಕಪ್ಪನ್ನು ಹೊಗೆಯ ಮಸಿ ಎಂದೇ ನಾವೆಲ್ಲ ತಿಳಿದಿದ್ದೆವು.

ಇಷ್ಟರಲ್ಲಿ ಮೈದುನ ಗದಗಿನ ಪೇಟೆಯಿಂದ ಇಲಿ ಪಾಷಾಣದ ಟ್ಯೂಬ್ ತಂದ. ರೊಟ್ಟಿಗೆ ಸವರಿ ಇಟ್ಟರೆ ಒಂದೇ ರಾತ್ರಿಯಲ್ಲಿ ಎಲ್ಲ ಮುಗಿಯುತ್ತದೆ ಎಂದ. ನಾನು ಅದನ್ನು ಮನೆಯೊಳಗೆ ತರಗೊಡಲಿಲ್ಲ. ಮಗಳು ಆಗ ನೆಲದ ಮೇಲೆ ಬಿದ್ದದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುವ ವಯಸ್ಸಿನವಳು. ಟ್ಯೂಬಿನಲ್ಲಿ ಬರುತ್ತಿದ್ದ ಆ ಪೇಸ್ಟ್‌ನಲ್ಲಿ ಹಳದಿ ರಂಜಕ ಇರುತ್ತದೆ. ಹಲ್ಲುಜ್ಜುವ ಪೇಸ್ಟ್ ಎಂದು ಭ್ರಮಿಸಿ ಬಳಸಿ ಸತ್ತವರ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದ್ದೇನೆ. ಅದು ಹೊಟ್ಟೆಗೆ ಹೋದವರಿಗೆ ಮೊದಲು ವಾಂತಿಯಾಗುತ್ತದೆ, ಆಮೇಲೆ ಒಂದೆರಡು ದಿನ ಹುಷಾರಾದಂತೆ ಕಾಣುತ್ತಾರೆ. ಮನೆಯವರು ನಿಟ್ಟುಸಿರು ಬಿಡುವ ಹೊತ್ತಿಗೆ ಯಕೃತ್ತು ಕೆಟ್ಟು ಕಾಮಾಲೆ ಕಾಣಿಸಿಕೊಳ್ಳುತ್ತದೆ. ಆ ವಿಷಕ್ಕೆ ಪ್ರತಿಮದ್ದು ಇಲ್ಲ. ಹೊಲದಲ್ಲಿ ಬಳಸುವ ಕಪ್ಪು ಪುಡಿ, ಸತುವಿನ ಫಾಸ್ಫೈಡ್, ಅದಕ್ಕೂ ಇಲ್ಲ. ಹೊಟ್ಟೆಯ ಆಮ್ಲ ತಾಗಿದೊಡನೆ ಅದು ವಿಷಗಾಳಿಯಾಗುತ್ತದೆ. ಬಿಲ್ಲೆಗಳಾಗಿ ಸಿಗುವ ಬ್ರೊಮಾಡಿಯೊಲೋನ್ ರಕ್ತ ಹೆಪ್ಪುಗಟ್ಟದಂತೆ ಮಾಡಿ ಕೆಲವು ದಿನಗಳ ಮೇಲೆ ಇಲಿಯನ್ನು ಕೊಲ್ಲುತ್ತದೆ. ಅದಕ್ಕೆ ವಿಟಮಿನ್ ಕೆ ಮದ್ದು ಇದೆ, ಆದರೆ ಮಗು ತಿಂದದ್ದು ತಿಳಿದು, ಬೇಗ ಆಸ್ಪತ್ರೆ ಮುಟ್ಟಿದರೆ ಮಾತ್ರ. ಯಾರ ಮನೆಯಲ್ಲಾದರೂ ಇಂಥದ್ದು ನಡೆದರೆ ಮಗು ಚೆನ್ನಾಗಿ ಆಡುತ್ತಿದೆ ಎಂದು ಕಾಯಬೇಡಿ, ವಿಷದ ಪೊಟ್ಟಣವನ್ನು ಕೈಯಲ್ಲಿ ಹಿಡಿದುಕೊಂಡು ಆಗಲೇ ಆಸ್ಪತ್ರೆಗೆ ಓಡಿರಿ.

ವಿಷ ತಿಂದ ಇಲಿ ನೀರು ಹುಡುಕಿಕೊಂಡು ಹೊರಗೆ ಹೋಗಿ ಸಾಯುತ್ತದೆ ಎಂಬ ಮಾತು ನಮ್ಮ ಕಡೆ ಎಲ್ಲರ ಬಾಯಲ್ಲಿದೆ. ಅದು ನಿಜವಲ್ಲ. ಸುಸ್ತಾದ ಪ್ರಾಣಿ ತನ್ನ ಗೂಡಿಗೇ ಮರಳುತ್ತದೆ. ಗೂಡು ಇರುವುದು ಗೋಡೆಯೊಳಗೆ, ಮೇಲ್ಮುದ್ದೆಯ ಮಣ್ಣಿನಲ್ಲಿ. ಓಣಿಯ ತುದಿಯ ಮನೆಯವರು ಹೀಗೆ ವಿಷವಿಟ್ಟು, ವಾಸನೆ ತಾಳಲಾರದೆ, ಜಂತಿಯ ಮೇಲಿನ ಮಣ್ಣು ತೆಗೆಸಿ ಹುಡುಕಿಸಿದ್ದನ್ನು ನಾನೇ ನೋಡಿದ್ದೇನೆ.

ಅತ್ತೆಯೂ ಪಾಷಾಣ ಬೇಡ ಎಂದರು, ಅವರ ಕಾರಣ ಬೇರೆ. ಗಣೇಶ ಚತುರ್ಥಿಯ ಮರುದಿನ ನಮ್ಮ ಕಡೆ ಇಲಿವಾರ. ಅಂದು ನಮ್ಮ ಮನೆಯಲ್ಲಿ ಮಗ್ಗ ನಡೆಯುವುದಿಲ್ಲ, ಕತ್ತರಿ ಮುಟ್ಟುವುದಿಲ್ಲ. ಮಗ್ಗಕ್ಕೂ ಗಣಪತಿಯ ಮುಂದಿನ ಮಣ್ಣಿನ ಇಲಿಗೂ ಪೂಜೆ ಮಾಡಿ, ಎಡೆ ಹಿಡಿದು, ವರ್ಷವಿಡೀ ನೂಲು ಸೀರೆ ಮುಟ್ಟಬೇಡ ತಂದೆ ಎಂದು ಬೇಡಿಕೊಳ್ಳುತ್ತಾರೆ. ಕೆಲವು ಮನೆಗಳಲ್ಲಿ ಅಂದು ಮಾಂಸದ ಅಡಿಗೆಯೂ ಆಗುತ್ತದೆ. “ಕೈಮುಗಿದು ಬೇಡಿಕೊಂಡವನಿಗೆ ವಿಷ ಇಡುವುದು ಹೇಗೆ ತಂಗಿ?” ಎಂದು ಅತ್ತೆ ನನ್ನನ್ನು ಕೇಳಿದರು. ಆ ಮಾತಿಗೆ ನಾನು ಎದುರಾಡಲಿಲ್ಲ. ಅವರ ಅಜ್ಜಿ ಹೇಳುತ್ತಿದ್ದ ಪ್ಲೇಗಿನ ಕಾಲದ ಮಾತೂ ಅವರಿಗೆ ನೆನಪಿತ್ತು. ಮನೆಯಲ್ಲಿ ಇಲಿ ಸತ್ತು ಬಿದ್ದವು ಎಂದರೆ ಗಂಟುಮೂಟೆ ಕಟ್ಟಿಕೊಂಡು ಊರ ಹೊರಗೆ ಗುಡಿಸಲು ಹಾಕಿಕೊಳ್ಳಬೇಕು. 1898ರಲ್ಲಿ ಹುಬ್ಬಳ್ಳಿಯಲ್ಲಿ ಪ್ಲೇಗ್ ಹರಡಿದಾಗ, ಮುಂಬಯಿಯಲ್ಲಿ ಹಾಫ್‌ಕಿನ್ ಎಂಬ ವಿಜ್ಞಾನಿ ಅದರ ಹಿಂದಿನ ವರ್ಷವಷ್ಟೇ ಸಿದ್ಧಪಡಿಸಿದ್ದ ಲಸಿಕೆಯನ್ನು ಅಲ್ಲಿಯ ಜನರಿಗೆ ದೊಡ್ಡ ಪ್ರಮಾಣದಲ್ಲಿ ಹಾಕಿದ್ದರು. ಇಲಿಯ ಮೈಮೇಲಿನ ಚಿಗಟ ಆ ರೋಗವನ್ನು ಮನುಷ್ಯರಿಗೆ ದಾಟಿಸುತ್ತದೆ ಎಂಬುದು ಗೊತ್ತಾದದ್ದೂ ಅದೇ ವರ್ಷ. ಸತ್ತ ಇಲಿಯ ಮೈ ತಣ್ಣಗಾದೊಡನೆ ಚಿಗಟ ಬೇರೆ ಬಿಸಿ ಮೈ ಹುಡುಕುತ್ತದೆ. ಹಳಬರಿಗೆ ಚಿಗಟದ ಸಂಗತಿ ತಿಳಿದಿರಲಿಲ್ಲ, ಆದರೆ ಸತ್ತ ಇಲಿಯಿಂದ ದೂರ ಹೋಗಬೇಕು ಎಂಬುದು ಸರಿಯಾಗಿಯೇ ತಿಳಿದಿತ್ತು. ಅತ್ತೆಯ ಭಕ್ತಿಯನ್ನೂ ಭಯವನ್ನೂ ನಾನು ಗೌರವದಿಂದಲೇ ಕಾಣುತ್ತೇನೆ. ಅವೆರಡೂ ಸೇರಿ ನಮ್ಮನ್ನು ಸರಿಯಾದ ದಾರಿಗೆ ತಳ್ಳಿದವು. ಕೊಲ್ಲುವುದು ಎರಡನೆಯ ಮಾತು, ಮೊದಲು ಬರದಂತೆ ಮಾಡೋಣ ಎಂದು ಮನೆಯವರೆಲ್ಲ ಒಪ್ಪಿದೆವು.

ಅಂಟು ಹಲಗೆಯ ಬಗ್ಗೆಯೂ ಹೇಳಿಬಿಡುತ್ತೇನೆ, ಏಕೆಂದರೆ ಅಂಗಡಿಯವರು ಈಗ ಮೊದಲು ಕೈಗೆ ಕೊಡುವುದು ಅದನ್ನೇ. ಅಂಟಿದ ಇಲಿ ಬೇಗ ಸಾಯುವುದಿಲ್ಲ. ಚರ್ಮ ಕಿತ್ತುಬರುವಂತೆ ಒದ್ದಾಡಿ, ಕೂಗಿ, ಹಸಿವು ನೀರಡಿಕೆಯಿಂದ ಸಾಯುತ್ತದೆ. ಹಲ್ಲಿಯೂ ಗುಬ್ಬಿಯೂ ಅದಕ್ಕೆ ಸಿಕ್ಕಿಕೊಳ್ಳುತ್ತವೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ಇದನ್ನು ನಿಲ್ಲಿಸುವಂತೆ ರಾಜ್ಯಗಳಿಗೆ ಬರೆದಿದೆ. ನಮಗೆ ಅದು ಬೇಡವೇ ಬೇಡ. ಕಿವಿಗೆ ಕೇಳದ ಸದ್ದಿನಿಂದ ಇಲಿ ಓಡಿಸುತ್ತದೆ ಎಂಬ ಪ್ಲಗ್ ಯಂತ್ರವನ್ನು ಮೈದುನನ ಗೆಳೆಯರು ಕೊಂಡಿದ್ದರು. ಒಂದಿಷ್ಟು ದಿನ ಹೆದರಿದ ಇಲಿಗಳು ಆ ಸದ್ದಿಗೆ ಒಗ್ಗಿಕೊಂಡವು. ಆ ಸದ್ದು ಗೋಡೆ, ಪೆಟ್ಟಿಗೆಗಳನ್ನು ದಾಟಿ ಹೋಗುವುದೂ ಇಲ್ಲ.

ಗೋಡೆ ಕಟ್ಟುವ ಗೌಂಡಿ ಕಾಕಾ ಬಂದದ್ದು ಮಳೆ ಪೂರ್ತಿ ಬಿಟ್ಟ ಮೇಲೆ. ಹಳೆಯ ಮನೆಗಳ ಮರ್ಮ ತಿಳಿದ ಹಿರಿಯರು ಅವರು. ನಾನು ಒಂದು ಪೆನ್ಸಿಲ್ ಹಿಡಿದುಕೊಂಡು ಅವರ ಹಿಂದೆ ಇಡೀ ಮನೆ ಸುತ್ತಿದೆ. ಪೆನ್ಸಿಲ್ ತೂರುವ ಸಂದಿನಲ್ಲಿ ಸಣ್ಣ ಇಲಿ ತೂರುತ್ತದೆ. 6 ಮಿಲಿಮೀಟರ್ ಇದ್ದರೆ ಅದಕ್ಕೆ ಸಾಕು, ತಲೆ ಹೋದಲ್ಲಿ ಮೈ ಹೋಗುತ್ತದೆ. ಹೆಬ್ಬೆರಳು ತೂರುವಷ್ಟಿದ್ದರೆ ದೊಡ್ಡ ಇಲಿಗೂ ಅದು ಬಾಗಿಲು. ತೂರಿದ ಕಡೆಯೆಲ್ಲ ಸುಣ್ಣದಿಂದ ಗುರುತು ಹಾಕುತ್ತ ಹೋದೆವು. ಮುಗಿಯುವ ಹೊತ್ತಿಗೆ ಗೋಡೆಗಳ ಬುಡವೆಲ್ಲ ಬಿಳಿ ಚುಕ್ಕೆ.

ಮಗ್ಗದ ಕುಣಿಯೊಳಗೆ ಗೌಂಡಿ ಕಾಕಾ ಟಾರ್ಚ್ ಹಿಡಿದು ಇಳಿದರು. ತುಳಿಯುವ ಮಣೆಗಳ ಹಿಂದೆ, ಕಣ್ಣಿಗೆ ಬೀಳದ ಮೂಲೆಯಲ್ಲಿ, ಹೆಗ್ಗಣದ ಬಿಲ ಬಾಯಿ ತೆರೆದಿತ್ತು. ಹೊರಗಿನ ಗಟಾರದ ಕಡೆಯಿಂದ ಗೋಡೆಯ ಅಡಿಪಾಯದ ಕೆಳಗೆ ಅಗೆದುಕೊಂಡು ಅದು ನೇರವಾಗಿ ನನ್ನ ಗಂಡ ಕಾಲಿಡುವ ಜಾಗಕ್ಕೇ ಬಂದಿತ್ತು. ಹೊಸ ಮಣ್ಣಿನ ಗುಪ್ಪೆಯ ಮೇಲೆ ನಮ್ಮದೇ ನೂಲಿನ ಎಳೆಗಳು ಬಣ್ಣಬಣ್ಣವಾಗಿ ಬಿದ್ದಿದ್ದವು. ಕಾಕಾ ಬಿಲದೊಳಗೆ ನೀರು ಬಿಟ್ಟು, ಹೊರಗೆ ಎಲ್ಲಿ ಬರುತ್ತದೆ ಎಂದು ನೋಡಿದರು. ಗಟಾರದ ಪಕ್ಕದ ಹಾಸುಗಲ್ಲಿನ ಕೆಳಗೆ ಅದರ ಇನ್ನೊಂದು ಬಾಯಿ ಸಿಕ್ಕಿತು. ಒಳಗೆ ಪ್ರಾಣಿ ಇಲ್ಲ ಎಂದು ಖಾತ್ರಿಯಾಗುವ ತನಕ ಅವರು ಮುಚ್ಚಲಿಲ್ಲ. ಬಿಲದ ಬಾಯಿಗೆ ಸಡಿಲವಾಗಿ ಕಾಗದ ತುರುಕಿ ಬಿಟ್ಟರು. ಒಳಗಿದ್ದರೆ ಕಾಗದ ಹೊರಗೆ ಬಂದು ಬೀಳುತ್ತದೆ. ಕಾಗದ ಅಲುಗಾಡದೆ ಉಳಿದ ಮೇಲೆ ಬಿಲವನ್ನು ಅಗಲವಾಗಿ ಅಗೆದು, ಚೂಪಾದ ಕಲ್ಲುಚೂರು, ಒಡೆದ ಗಾಜು, ಸಿಮೆಂಟ್ ಸೇರಿಸಿ ಬಿಗಿಯಾಗಿ ತುಂಬಿದರು. ಕುಣಿಯ ನಾಲ್ಕೂ ಮೈಗಳಿಗೆ ಕಲ್ಲು ಕಟ್ಟಿ ಗಿಲಾವು ಮಾಡಿದರು. ಮಗ್ಗ ನಿಂತ ದಿನಗಳಲ್ಲಿ ಗಂಡ ಅವರಿಗೆ ಕೈ ಕೆಲಸಕ್ಕೆ ನಿಂತರು, ಕೂಲಿಯ ಆಳು ಉಳಿಯಿತು.

ಮಣ್ಣಿನ ಗೋಡೆಯ ತೂತುಗಳಿಗೆ ಬರೀ ಸಿಮೆಂಟ್ ಮೆತ್ತುವುದರಿಂದ ಉಪಯೋಗವಿಲ್ಲ ಎಂಬುದನ್ನು ನಾನು ಅವರಿಂದ ಕಲಿತೆ. ಸಿಮೆಂಟ್ ಮಣ್ಣಿಗೆ ಕಚ್ಚಿಕೊಳ್ಳುವುದಿಲ್ಲ, ಒಣಗಿದ ಮೇಲೆ ಹೆಕ್ಕಳೆಯಾಗಿ ಉದುರುತ್ತದೆ. ಹಸಿ ಇರುವಾಗಲೇ ಇಲಿ ಅದನ್ನು ಅಗೆದು ಹಾಕುವುದೂ ಉಂಟು. ಸಡಿಲ ಮಣ್ಣನ್ನೆಲ್ಲ ಕೆರೆದು ತೆಗೆದು, ಕಲ್ಲು ಬಡಿದು ಕೂರಿಸಿ, ಅದರ ಮೇಲೆ ಸಣ್ಣ ಕಣ್ಣಿನ ಕಬ್ಬಿಣದ ಜಾಲರಿ ಮೊಳೆ ಹೊಡೆದು, ಆಮೇಲೆ ಗಿಲಾವು. ವಿದ್ಯುತ್ ತಂತಿ ಒಳಗೆ ಬರುವ ತೂತಿಗೆ ಪಾತ್ರೆ ತಿಕ್ಕುವ ಸ್ಟೀಲ್ ಜುಂಗನ್ನು ತುರುಕಿ ಮೇಲೆ ಗಾರೆ ಹಚ್ಚಿದರು. ಬಟ್ಟೆಯನ್ನೋ ಥರ್ಮೋಕೋಲನ್ನೋ ತುರುಕಿದರೆ ಇಲಿಗೆ ಗೂಡಿನ ಸಾಮಾನು ಒದಗಿಸಿದ ಹಾಗಾಗುತ್ತದೆ. ಅದರ ಮುಂದಿನ ಹಲ್ಲು ಸಾಯುವ ತನಕ ಬೆಳೆಯುತ್ತಲೇ ಇರುತ್ತದೆ, ಕಡಿದು ಸವೆಸದಿದ್ದರೆ ಅದಕ್ಕೆ ಬದುಕಿಲ್ಲ. ಮರ, ಪ್ಲಾಸ್ಟಿಕ್, ತಂತಿಯ ಹೊದಿಕೆ ಎಲ್ಲವೂ ಆ ಹಲ್ಲಿಗೆ ಸೋಲುತ್ತವೆ. ಕಬ್ಬಿಣ, ಗಾಜು, ಗಟ್ಟಿ ಕಲ್ಲು ಮಾತ್ರ ತಡೆಯುತ್ತವೆ.

ಉಳಿದದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ಮುಂಬಾಗಿಲು ಮತ್ತು ಹಿತ್ತಿಲ ಬಾಗಿಲಿನ ಕೆಳ ಅಂಚಿಗೆ ಬಡಿಗರಿಂದ ತಗಡಿನ ಪಟ್ಟಿ ಹೊಡೆಸಿದೆವು. ಬಚ್ಚಲ ತೂಬಿಗೆ ಕಬ್ಬಿಣದ ಜಾಳಿಗೆ ಬಂತು. ಬೆಳಕಿಂಡಿಗೆ ಜಾಲರಿ. ಹಿತ್ತಿಲ ನುಗ್ಗೆ ಗಿಡದ ಟೊಂಗೆಗಳು ಮಾಳಿಗೆಯ ಮೇಲೆ ಬಾಗಿದ್ದವು, ಗೋಡೆಯಿಂದ ನಾಲ್ಕು ಅಡಿ ದೂರಕ್ಕೆ ಕಡಿಸಿದೆವು. ಜಂತಿಯ ತುದಿಗಳ ಕೆಲಸ ಮಾತ್ರ ಅರ್ಧಕ್ಕೆ ನಿಂತಿತು. ಅದು ನಡುಗೋಡೆ, ಆಚೆಯಿಂದಲೂ ಮುಚ್ಚಬೇಕು.

ದಾರಿ ಮುಚ್ಚುವುದರ ಜೊತೆಯಲ್ಲೇ ಅಡಿಗೆಮನೆಯನ್ನು ಬದಲಿಸಿದೆವು. ಜೋಳದ ಚೀಲಗಳು ನೆಲದ ಮೇಲೆ ಗೋಡೆಗೆ ಒರಗಿ ಇರುತ್ತಿದ್ದವು. ಈಗ ತಗಡಿನ ಪೀಪಾಯಿಯಲ್ಲಿವೆ, ಅವೂ ಗೋಡೆಯಿಂದ ಒಂದು ಅಡಿ ಈಚೆಗೆ, ಕಲ್ಲಿನ ಮೇಲೆ. ಹಿಂದೆ ಕಸಬರಿಗೆ ಆಡಿಸುವಷ್ಟು ಜಾಗವಿದ್ದರೆ ಇಲಿಗೆ ಮರೆ ಸಿಗುವುದಿಲ್ಲ. ಖಡಕ್ ರೊಟ್ಟಿಯ ಬುಟ್ಟಿಯನ್ನು ಬಟ್ಟೆ ಮುಚ್ಚಿ ನೆಲುವಿನ ಮೇಲೆ ಇಡುವುದು ಅತ್ತೆಯ ರೂಢಿ. ಜಂತಿಯಿಂದ ಇಳಿಯುವ ಇಲಿಗೆ ನೆಲುವಿನ ಹಗ್ಗವೇ ಮೆಟ್ಟಿಲು. ರೊಟ್ಟಿಗಾಗಿ ದೊಡ್ಡ ಸ್ಟೀಲ್ ಡಬ್ಬಿ ಕೊಂಡೆವು. ಗಂಜಿ ಮಾಡಿದ ಪಾತ್ರೆ, ಗಂಜಿ ಹಚ್ಚುವ ಕುಂಚಗಳನ್ನು ಅಂದೇ ತೊಳೆದಿಡುವುದು, ಕಂಡಿಕೆ ನೂಲನ್ನು ರಾತ್ರಿ ಟ್ರಂಕಿಗೆ ಹಾಕುವುದು ನನ್ನ ಪಾಲಿನ ಕೆಲಸ. ನಲ್ಲಿ ನೀರು ಬಂದಾಗ ತುಂಬಿಡುವ ಹಂಡೆ, ಡ್ರಮ್ಮುಗಳಿಗೆಲ್ಲ ಮುಚ್ಚಳ ಮಾಡಿಸಿದೆವು. ದೊಡ್ಡ ಇಲಿಗೆ ದಿನವೂ ನೀರು ಬೇಕು.

ಇಷ್ಟಾದ ಮೇಲೆ ಒಳಗೆ ಸಿಕ್ಕಿಕೊಂಡವುಗಳಿಗೆ ಬೋನು. ಈ ಕ್ರಮ ಮುಖ್ಯ. ದಾರಿ ತೆರೆದಿಟ್ಟು ಬೋನಿಟ್ಟರೆ, ಒಂದು ಇಲಿ ಹೋದ ಜಾಗಕ್ಕೆ ಇನ್ನೊಂದು ಬರುತ್ತದೆ. ಮೂರು ವಾರಕ್ಕೆ ಮರಿ ಹಾಕುವ ಪ್ರಾಣಿ ಅದು, ಹಿಡಿಯುವವರ ಕೈ ಅದರ ವೇಗಕ್ಕೆ ಸಾಟಿಯಾಗುವುದಿಲ್ಲ. ತಂತಿಯ ಬೋನುಗಳನ್ನು ರಂಗೋಲಿ ತೋರಿಸಿದ ದಾರಿಗಳಲ್ಲೇ, ಬಾಯಿ ಗೋಡೆಯ ಕಡೆಗೆ ಇರುವಂತೆ ಇಟ್ಟೆವು. ದೊಡ್ಡ ಇಲಿಯ ಹೆದರಿಕೆ ಗೊತ್ತಿದ್ದರಿಂದ ಮೊದಲ ಕೆಲವು ರಾತ್ರಿ ಬಾಗಿಲನ್ನು ದಾರದಿಂದ ಕಟ್ಟಿ ತೆರೆದೇ ಬಿಟ್ಟು, ಒಳಗೆ ತಿನಿಸು ಮಾತ್ರ ಇಟ್ಟೆವು. ತಿಂದು ಹೋಗಲಿ, ನಂಬಿಕೆ ಬರಲಿ. ಆಮೇಲೆ ದಾರ ಬಿಚ್ಚಿ ಕೊಂಡಿಗೆ ಸಿಕ್ಕಿಸಿದೆವು. ತಿನಿಸಿನ ವಿಷಯದಲ್ಲಿ ಟೊಮೆಟೊ ಚೂರು, ರೊಟ್ಟಿ ಎಂದು ಎಲ್ಲರೂ ಒಂದೊಂದು ಹೇಳಿದರು. ನಮ್ಮಲ್ಲಿ ಗೆದ್ದದ್ದು ಒಲೆಯ ಮೇಲೆ ಸ್ವಲ್ಪ ಸುಟ್ಟ ಒಣ ಕೊಬ್ಬರಿ. ವಾಸನೆ ದೂರ ಹೋಗುತ್ತದೆ, ಗಟ್ಟಿಯಾಗಿರುವುದರಿಂದ ಎಗರಿಸಿಕೊಂಡು ಓಡಲು ಬರುವುದಿಲ್ಲ, ಕೊಂಡಿಯನ್ನು ಎಳೆಯಲೇಬೇಕು.

ಸಿಕ್ಕವನ್ನು ಏನು ಮಾಡುವುದು ಎಂಬುದು ಸುಲಭದ ಪ್ರಶ್ನೆಯಲ್ಲ. ಬೋನನ್ನು ನೀರಿನಲ್ಲಿ ಅದ್ದುವ ಪದ್ಧತಿ ನಮ್ಮ ಓಣಿಯಲ್ಲಿದೆ. ಅದನ್ನು ನೋಡಲು ನನ್ನಿಂದ ಆಗುವುದಿಲ್ಲ, ಮಗಳ ಕಣ್ಣೆದುರು ಅದು ನಡೆಯುವುದೂ ಬೇಡ. ಗಂಡ ನಸುಕಿನಲ್ಲಿ ಸೈಕಲ್ಲಿಗೆ ಬೋನು ಕಟ್ಟಿಕೊಂಡು, ಮನೆಗಳೂ ಕಣಗಳೂ ಇಲ್ಲದ ಊರಾಚೆಯ ಬೀಳಿಗೆ ಹೋಗಿ ಬಿಟ್ಟು ಬರುತ್ತಿದ್ದರು. ಮನೆಯಲ್ಲಿ ಹುಟ್ಟಿ ಬೆಳೆದ ಇಲಿ ಬಯಲಿನಲ್ಲಿ ಬಹಳ ದಿನ ಉಳಿಯುವುದಿಲ್ಲ, ಹದ್ದಿಗೋ ಕೇರೆ ಹಾವಿಗೋ ಗೂಬೆಗೋ ಅದು ಆಹಾರವಾಗುತ್ತದೆ. ಅತ್ತೆಗೆ ಅಷ್ಟು ಸಮ್ಮತವಿತ್ತು, ನನಗೂ ಇದೆ. ಪಕ್ಕದ ಓಣಿಯಲ್ಲಿ ಬಿಟ್ಟು ಬರುವುದು ಮಾತ್ರ ತಪ್ಪು. ನಮ್ಮ ಕಾಟವನ್ನು ಇನ್ನೊಬ್ಬ ನೇಕಾರನ ಹಾಸಿಗೆ ಹೊರಿಸಿದಂತಾಗುತ್ತದೆ.

ಇನ್ನು ನಡುಗೋಡೆ. ಪಕ್ಕದ ಕಾಕಾ ಒಳ್ಳೆಯವರು, ಆದರೆ ಶೇಂಗಾ ಚೀಲಗಳನ್ನು ಸರಿಸಿ ಗೋಡೆ ತೋರಿಸಲು ಅವರಿಗೆ ಮನಸ್ಸಿರಲಿಲ್ಲ. “ಇಲಿ ಎಲ್ಲಿಲ್ಲ ತಂಗಿ? ನೂರು ಚೀಲದಲ್ಲಿ ಒಂದು ಸೇರು ತಿಂದರೆ ತಿನ್ನಲಿ” ಎನ್ನುತ್ತಿದ್ದರು. ನಾನು ಜಗಳವಾಡಲಿಲ್ಲ. ಕಡಿದ ಹಾಸಿನ ಎಳೆಗಳನ್ನು ತೆಗೆದುಕೊಂಡು ಹೋಗಿ ಅವರ ಕೈಯಲ್ಲಿಟ್ಟೆ. ಅವರೂ ನೇಕಾರರ ಮನೆಯ ಮಗನೇ, ಅವರ ತಂದೆಯ ಮಗ್ಗ ಅದೇ ಕೋಣೆಯಲ್ಲಿತ್ತು. ಎಳೆಗಳನ್ನು ಬೆರಳಲ್ಲಿ ಉಜ್ಜಿ ನೋಡಿ, “ಭಾನುವಾರ ಬಾ” ಎಂದರು. ಭಾನುವಾರ ಚೀಲ ಸರಿಸಿದಾಗ ಕೆಳಗಿನ ಸಾಲಿನ ಚೀಲಗಳು ಹಿಂಬದಿಯಿಂದ ತೂತಾಗಿ, ಬರೀ ಸಿಪ್ಪೆ ತುಂಬಿಕೊಂಡು ನಿಂತಿದ್ದವು. ಹಿಕ್ಕೆ, ಮೂತ್ರ ಬಿದ್ದು ಕೆಟ್ಟದ್ದು ತಿಂದದ್ದಕ್ಕಿಂತ ಹೆಚ್ಚಿತ್ತು. ಕಾಕಾ ಬಹಳ ಹೊತ್ತು ಏನೂ ಮಾತಾಡಲಿಲ್ಲ. ಗೌಂಡಿಯ ಕೂಲಿಯಲ್ಲಿ ಅರ್ಧ ಅವರೇ ಕೊಟ್ಟರು, ಚೀಲಗಳಿಗೆ ಹಲಗೆಯ ಅಟ್ಟಣಿಗೆ ಕಟ್ಟಿಸಿದರು, ಗೋಡೆಯನ್ನು ಎರಡೂ ಕಡೆಯಿಂದ ಮುಚ್ಚಿದೆವು. ಮಣ್ಣಿನ ಮನೆಗಳ ಸಾಲಿನಲ್ಲಿ ಒಬ್ಬರೇ ಇಲಿ ತಡೆಯಲು ಆಗುವುದಿಲ್ಲ ಎಂದು ನಾನು ಎಲ್ಲರಿಗೂ ಹೇಳುತ್ತಿರುವುದು ಇದಕ್ಕಾಗಿಯೇ. ಓಣಿಯ ಹೆಣ್ಣುಮಕ್ಕಳನ್ನು ಕೂಡಿಸಿ ಇನ್ನೊಂದು ಒಪ್ಪಂದ ಮಾಡಿಕೊಂಡೆವು. ಅನ್ನ, ಮುಸುರೆ, ತರಕಾರಿ ಸಿಪ್ಪೆಯನ್ನು ರಾತ್ರಿ ಗಟಾರದ ದಂಡೆಗೆ ಸುರಿಯುವುದಿಲ್ಲ, ಮುಚ್ಚಿದ ಬುಟ್ಟಿಯಲ್ಲಿಟ್ಟು ಬೆಳಿಗ್ಗೆ ಕಸದ ಗಾಡಿಗೇ ಕೊಡುವುದು. ಎಲ್ಲರೂ ಪಾಲಿಸುತ್ತಾರೆ ಎಂದು ಹೇಳಲಾರೆ, ಬಹುಪಾಲು ಪಾಲಿಸುತ್ತಾರೆ. ಗಟಾರದ ದಂಡೆಯಲ್ಲಿ ಹೆಗ್ಗಣಗಳು ಹಾಡಹಗಲೇ ಓಡಾಡುವುದು ನಿಂತಿದೆ.

ಸ್ವಚ್ಛಮಾಡುವ ಕೆಲಸಕ್ಕೆ ಕೈ ಹಾಕುವವರು ಒಂದು ಮಾತನ್ನು ಮರೆಯಬಾರದು. ಒಣಗಿದ ಹಿಕ್ಕೆಯನ್ನು ಕಸಬರಿಗೆಯಿಂದ ಗುಡಿಸಬೇಡಿ, ಧೂಳೆದ್ದು ಮೂಗಿಗೆ ಹೋಗುತ್ತದೆ. ಕಿಟಕಿ ಬಾಗಿಲು ಅರ್ಧ ತಾಸು ತೆರೆದಿಟ್ಟು, ಕೈಗೆ ರಬ್ಬರ್ ಗವಸು ಹಾಕಿಕೊಂಡು, ಒಂದು ಪಾಲು ಬ್ಲೀಚಿಂಗ್ ದ್ರಾವಣಕ್ಕೆ ಹತ್ತು ಪಾಲು ನೀರು ಬೆರೆಸಿ ಚಿಮುಕಿಸಿ, ಐದು ನಿಮಿಷ ನೆನೆಯಲು ಬಿಟ್ಟು, ಆಮೇಲೆ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಇಲಿಯ ಮೂತ್ರದಿಂದ ಇಲಿ ಜ್ವರ ಬರುತ್ತದೆ. ಕಾಲಿನ ಗಾಯ, ಒಡೆದ ಹಿಮ್ಮಡಿಯ ಮೂಲಕ ಅದರ ರೋಗಾಣು ಒಳಗೆ ಹೋಗಬಲ್ಲದು. ಗಟಾರದ ನೀರು ತುಳಿದವರಿಗೆ, ಬಿಲ ಅಗೆದವರಿಗೆ ಆಮೇಲೆ ಜ್ವರ, ಮೀನಖಂಡದಲ್ಲಿ ವಿಪರೀತ ನೋವು, ಕಣ್ಣು ಕೆಂಪಗಾಗುವುದು ಕಂಡರೆ ವೈದ್ಯರಿಗೆ ಇಲಿಯ ಸಂಗತಿಯನ್ನು ತಪ್ಪದೆ ಹೇಳಬೇಕು. ಬೇಗ ತಿಳಿದರೆ ಅದಕ್ಕೆ ಔಷಧಿ ಇದೆ. ಕುಣಿಯ ಕೆಲಸದಲ್ಲಿ ಗಂಡನಿಗೆ ನಾನು ಗಂಬೂಟು ಹಾಕಿಸಿಯೇ ಇಳಿಸಿದ್ದು ಇದೇ ಕಾರಣಕ್ಕೆ.

ಈಗ ಜಂತಿಯ ಮೇಲೆ ಓಡಾಟವಿಲ್ಲ, ಹಾಸಿಗೆ ಬಾಯಿ ಬಿದ್ದಿಲ್ಲ. ಸಣ್ಣ ಇಲಿ ಆಗೊಮ್ಮೆ ಈಗೊಮ್ಮೆ ಬರುತ್ತದೆ. ನೂಲಿನ ಗಂಟಿನ ಜೊತೆ, ಕಾಳಿನ ಚೀಲದ ಜೊತೆ ನಾವೇ ಹೊತ್ತು ತರುವುದೂ ಇರುತ್ತದೆ, ಆದ್ದರಿಂದ ಚೀಲಗಳನ್ನು ಕಟ್ಟೆಯ ಮೇಲೆಯೇ ಬಿಚ್ಚಿ ನೋಡಿ ಒಳಗೆ ತರುತ್ತೇವೆ. ಒಂದು ಬೋನು ಅಡಿಗೆಮನೆಯ ಮೂಲೆಯಲ್ಲಿ ಯಾವಾಗಲೂ ಇರುತ್ತದೆ. ಅಮಾವಾಸ್ಯೆಗೆ ನಮ್ಮ ಮಗ್ಗಕ್ಕೆ ಬಿಡುವು, ಅಂದು ನಾನೂ ಮಗಳೂ ಟಾರ್ಚ್ ಹಿಡಿದು ಗೋಡೆಯ ಬುಡ, ಕುಣಿ, ಜಂತಿಯ ತುದಿಗಳನ್ನು ನೋಡಿಕೊಂಡು ಬರುತ್ತೇವೆ. ಇಲಿವಾರದ ಪೂಜೆಯನ್ನು ಅತ್ತೆ ಮೊದಲಿನಂತೆಯೇ ಮಾಡುತ್ತಾರೆ, ಎಡೆ ಹಿಡಿಯುವ ತಟ್ಟೆಯನ್ನು ಮಾತ್ರ ಕತ್ತಲಾಗುವ ಮುಂಚೆ ಎತ್ತಿಡುತ್ತಾರೆ. ಬೆಳಕಿಂಡಿಯ ಜಾಲರಿ ಒಂದು ಕಡೆ ತುಕ್ಕು ಹಿಡಿದಿದೆ. ಮಿರಗದ ಮಳೆ ಶುರುವಾಗುವ ಮುಂಚೆ ಅದನ್ನು ಬದಲಿಸಬೇಕು, ಗೌಂಡಿ ಕಾಕಾಗೆ ಹೇಳಿ ಬಂದಿದ್ದೇನೆ.